ಯಾವ ಹಿಂದಿಯ ಪ್ರಚಾರ? ಗಿರ್ಮಿಟ್ ನಾಡುಗಳ ನುಡಿಗಳು ಮತ್ತು ಸರ್ಕಾರದ ಭಾಷಾನೀತಿ

2023ರ ಫೆಬ್ರವರಿಯಲ್ಲಿ ಹನ್ನೆರಡನೆಯ ವಿಶ್ವ ಹಿಂದಿ ಸಮ್ಮೇಳನವು ಫಿಜಿಯ ನಾಡಿಯಲ್ಲಿ ನಡೆಯಿತು. 1975ರಲ್ಲಿ ನಾಗಪುರದಲ್ಲಿ ಆರಂಭವಾದ ಈ ಸಮ್ಮೇಳನವು ಅದಕ್ಕೂ ಮುನ್ನ ಪೋರ್ಟ್ ಲೂಯಿಸ್, ಪೋರ್ಟ್ ಆಫ್ ಸ್ಪೇನ್, ಪಾರಮಾರಿಬೊಗಳಲ್ಲಿ ನಡೆದಿತ್ತು. ಈ ಸ್ಥಳಗಳ ಆಯ್ಕೆಯೇ ಒಂದು ವಾದವನ್ನು ಮಂಡಿಸುತ್ತದೆ: ಕರಾರು ಕೂಲಿಗಳ ಸಂತತಿ ನೆಲೆಸಿರುವ ಈ ನಾಡುಗಳು ಹಿಂದಿಯ ನಾಡುಗಳು ಎಂಬುದು ಆ ವಾದ. ಅದರ ಭಾಷಾವೈಜ್ಞಾನಿಕ ಆಧಾರವನ್ನು ಪರಿಶೀಲಿಸುವುದು ಈ ಟಿಪ್ಪಣಿಯ ಉದ್ದೇಶ.

ವಿದೇಶಗಳಲ್ಲಿ ಹಿಂದಿ ಪ್ರಚಾರಕ್ಕೆ ಎರಡು ಮುಖಗಳಿವೆ. ವಿಶ್ವವಿದ್ಯಾಲಯಗಳಲ್ಲಿ ಪೀಠಗಳನ್ನು ಸ್ಥಾಪಿಸಿ, ಕಲಿಯಬಯಸುವವರಿಗೆ ಹಿಂದಿಯನ್ನು ಪರಭಾಷೆಯಾಗಿ ಕಲಿಸುವುದು ಒಂದು. ಇದರಲ್ಲಿ ಆಕ್ಷೇಪಿಸುವಂಥದ್ದೇನೂ ಇಲ್ಲ. ಅನೇಕ ರಾಷ್ಟ್ರಗಳು ತಮ್ಮ ಭಾಷೆಗಳಿಗಾಗಿ ಇದನ್ನೇ ಮಾಡುತ್ತವೆ. ಹಿಂದಿಯನ್ನು ಈಗಾಗಲೇ ಅನೇಕ ರಾಷ್ಟ್ರಗಳ ಜನರ ತಾಯ್ನುಡಿಯೆಂದು ಘೋಷಿಸಿ, ಆ ಬಲದ ಮೇಲೆ ವಿಶ್ವಸಂಸ್ಥೆಯಲ್ಲಿ ಅಧಿಕೃತ ಸ್ಥಾನವನ್ನು ಬಯಸುವುದು ಎರಡನೆಯದು. ನಮ್ಮ ತಕರಾರು ಇರುವುದು ಈ ಎರಡನೆಯ ಮುಖದ ಬಗ್ಗೆ.

ಫಿಜಿಯ ನಿದರ್ಶನವನ್ನೇ ನೋಡೋಣ. 1879ರಿಂದ 1916ರವರೆಗೆ ಸುಮಾರು 60,000 ಗಿರ್ಮಿಟಿಯರು ಅಲ್ಲಿಗೆ ಹೋದರು. ಅವಧಿ, ಭೋಜಪುರಿ ಮೊದಲಾದ ನುಡಿಗಳು ಕಬ್ಬಿನ ತೋಟಗಳಲ್ಲಿ ಬೆರೆತು ಹೊಸದೊಂದು ಸಮ್ಮಿಶ್ರ ನುಡಿ ರೂಪುಗೊಂಡಿತು. 1903ರ ನಂತರ ಮದ್ರಾಸಿನ ಮೂಲಕ ಬಂದ ತಮಿಳರೂ ತೆಲುಗರೂ ಅದನ್ನೇ ಕಲಿತರು. ಈ ನುಡಿ ಮಾನಕ ಹಿಂದಿಯ ಅಪಭ್ರಷ್ಟ ರೂಪವಲ್ಲವೆಂಬುದು ಅದರ ಕ್ರಿಯಾಪದಗಳಿಂದಲೇ ಸ್ಪಷ್ಟವಾಗುತ್ತದೆ. ಮಾನಕ ಹಿಂದಿಯ 'ಉಸ್‌ನೇ ದೇಖಾ' ಎಂಬುದಕ್ಕೆ ಇಲ್ಲಿ 'ಊ ದೇಖಿಸ್' ಎನ್ನುತ್ತಾರೆ. 'ನೇ' ಎಂಬ ಕರ್ತೃಸೂಚಕ ಇಲ್ಲಿ ಇಲ್ಲವೇ ಇಲ್ಲ. '-ಇಸ್' ಪ್ರತ್ಯಯ ಅವಧಿಯಿಂದ ಬಂದದ್ದು. ಭವಿಷ್ಯತ್ಕಾಲದಲ್ಲಿ ಉತ್ತಮ ಪುರುಷಕ್ಕೆ 'ಹಮ್ ದೇಖೇಗಾ' ಎಂದೂ ಪ್ರಥಮ ಪುರುಷಕ್ಕೆ 'ಊ ದೇಖೀ' ಎಂದೂ ಎರಡು ಬೇರೆ ಮೂಲಗಳ ಪ್ರತ್ಯಯಗಳು ಒಂದೇ ರೂಪಾವಳಿಯಲ್ಲಿ ನೆಲೆಗೊಂಡಿವೆ. ಇದು ತಪ್ಪುಗಳ ಮೊತ್ತವಲ್ಲ, ತನ್ನದೇ ನಿಯಮಗಳುಳ್ಳ ವ್ಯಾಕರಣ. ರಾಡ್ನಿ ಮೋಗ್ 1977ರಲ್ಲಿಯೂ ಜೆಫ್ ಸೀಗಲ್ 1987ರಲ್ಲಿಯೂ ಇದನ್ನು ವಿವರವಾಗಿ ದಾಖಲಿಸಿದ್ದಾರೆ.

ಆದರೂ ಶಾಲೆಯಲ್ಲಿ, ಧಾರ್ಮಿಕ ಪ್ರವಚನದಲ್ಲಿ, ಸಮ್ಮೇಳನದ ವೇದಿಕೆಯಲ್ಲಿ ಸಲ್ಲುವುದು ಮಾನಕ ಹಿಂದಿಯೇ. ಮನೆಮಾತನ್ನು 'ಟೂಟೀ ಫೂಟೀ', ಅಂದರೆ ಹರಕುಮುರುಕು ಎಂದು ಅದನ್ನಾಡುವವರೇ ಕರೆದುಕೊಳ್ಳುವಂತಾಗಿದೆ. ಸುಬ್ರಮಣಿಯವರು 2001ರಲ್ಲಿ 'ಡೌಕಾ ಪುರಾಣ್' ಕಾದಂಬರಿಯನ್ನು ಈ ಮನೆಮಾತಿನಲ್ಲಿಯೇ ಬರೆದದ್ದು ಆ ಕೀಳರಿಮೆಗೆ ಕೊಟ್ಟ ಉತ್ತರ. 2013ರ ಫಿಜಿ ಸಂವಿಧಾನವು ಪ್ರಾಥಮಿಕ ಶಾಲೆಗಳಲ್ಲಿ ಕಡ್ಡಾಯವಾಗಿ ಕಲಿಸಬೇಕೆಂದು ಹೇಳುವುದು ಬಳಕೆಯ ಇತೌಕೈ ಮತ್ತು 'ಫಿಜಿ ಹಿಂದಿ'ಯನ್ನು. ಆ ವಿಶೇಷಣದ ಭೇದವನ್ನು ಪ್ರಚಾರದ ಭಾಷೆ ಅಳಿಸಿಹಾಕುತ್ತದೆ.

ಸುರಿನಾಮಿನ ಸರ್ನಾಮಿಗೆ 1986ರಲ್ಲಿ ರೋಮನ್ ಲಿಪಿಯ ಅಧಿಕೃತ ಬರಹಕ್ರಮ ದೊರೆಯಿತು, ಅದರಲ್ಲಿ ಕವಿಗಳಿದ್ದಾರೆ. ವಿಶ್ವ ಹಿಂದಿ ಸಚಿವಾಲಯವು 2008ರಿಂದ ಕಾರ್ಯನಿರ್ವಹಿಸುತ್ತಿರುವ ಮಾರಿಷಸ್‌ನಲ್ಲಿ ಪರಿಸ್ಥಿತಿ ಇನ್ನೂ ಕಳವಳಕಾರಿ. ಅಲ್ಲಿನ ಜನಗಣತಿಯ ಪ್ರಕಾರ ಮನೆಯಲ್ಲಿ ಭೋಜಪುರಿ ಆಡುವವರ ಪ್ರಮಾಣ 2000ದಲ್ಲಿ ಶೇ. 12ರಷ್ಟಿದ್ದು, 2011ರ ವೇಳೆಗೆ ಶೇ. 5ರ ಆಸುಪಾಸಿಗೆ ಇಳಿಯಿತು. ಭೋಜಪುರಿಯ ಸ್ಥಾನವನ್ನು ಆಕ್ರಮಿಸಿದ್ದು ಕ್ರಿಯೋಲ್, ಹಿಂದಿಯಲ್ಲ; ಇದನ್ನು ಒಪ್ಪಿಕೊಳ್ಳಲೇಬೇಕು. ಆದರೆ 'ಪೂರ್ವಜರ ಭಾಷೆ' ಎಂಬ ಗೌರವ ಹಿಂದಿಗೆ ಸಂದು, ಪೂರ್ವಜರು ನಿಜವಾಗಿ ಆಡಿದ ಭೋಜಪುರಿಗೆ ಬಹುಕಾಲ ತರಗತಿಯಲ್ಲಿ ಎಡೆ ಸಿಗಲಿಲ್ಲವೆಂಬುದೂ ಅಷ್ಟೇ ನಿಜ.

ಇಲ್ಲಿ ಒಂದು ಪ್ರತಿವಾದವನ್ನು ಗಂಭೀರವಾಗಿ ಪರಿಗಣಿಸಬೇಕು. ಮಾನಕ ಹಿಂದಿಯನ್ನು ದೆಹಲಿ ಹೇರಲಿಲ್ಲ. ವಲಸಿಗರೇ ಅದನ್ನು ಬಯಸಿದರು. ವಸಾಹತು ಕಾಲದಲ್ಲಿಯೇ ಆರ್ಯಸಮಾಜದ ಶಾಲೆಗಳು ಅದನ್ನು ಕಲಿಸಿದವು. ಅಭಿಮನ್ಯು ಅನತ್ ಅವರಂತಹ ಮಾರಿಷಸ್ ಲೇಖಕರು ಅದರಲ್ಲಿ ಮಹತ್ವದ ಕಾದಂಬರಿಗಳನ್ನು ರಚಿಸಿದರು. ಈ ಮಾತು ಸತ್ಯ. ಆದರೆ ಬರಹಕ್ಕಾಗಿ ಒಂದು ಭಾಷೆಯನ್ನು ಆಯ್ದುಕೊಳ್ಳುವುದು ಬೇರೆ, ಮನೆಮಾತು ಅದೇ ಭಾಷೆಯೆಂದು ಲೆಕ್ಕ ಹಾಕುವುದು ಬೇರೆ. ಮೊದಲನೆಯದು ಸಮುದಾಯದ ಹಕ್ಕು. ಎರಡನೆಯದು ಲೆಕ್ಕ ಹಾಕುವವರ ಅನುಕೂಲ.

ಈ ಲೆಕ್ಕಾಚಾರದ ಮೂಲ ಸ್ವದೇಶದಲ್ಲಿಯೇ ಇದೆ. ಭಾರತದ 2011ರ ಜನಗಣತಿಯಲ್ಲಿ ಹಿಂದಿಯ ಲೆಕ್ಕಕ್ಕೆ ಬಂದ 52.8 ಕೋಟಿ ಜನರಲ್ಲಿ ತಮ್ಮ ತಾಯ್ನುಡಿ 'ಹಿಂದಿ' ಎಂದೇ ಹೇಳಿದವರು 32.2 ಕೋಟಿ, ಭೋಜಪುರಿ ಎಂದವರೇ 5 ಕೋಟಿಗೂ ಹೆಚ್ಚು. ಒಳಗೆ ಅಳಿಸಿದ ಗೆರೆಯನ್ನು ಹೊರಗೆ ಉಳಿಸಿಕೊಳ್ಳುವುದು ಹೇಗೆ? ಕನ್ನಡಿಗರಾದ ನಾವೂ ಈ ಟೀಕೆಯಿಂದ ಹೊರತಲ್ಲ. ಅದೇ ಜನಗಣತಿ ಬಡಗವನ್ನು ಕನ್ನಡದ ಅಡಿಯಲ್ಲಿ ಎಣಿಸಿದೆ. ಅದರ ಸ್ವತಂತ್ರ ನೆಲೆಯ ಬಗ್ಗೆ ನಮ್ಮಲ್ಲಿ ಎಷ್ಟು ದನಿಗಳು ಎದ್ದಿವೆ?

ಆದುದರಿಂದ ನಮ್ಮ ಸೂಚನೆ ಸೀಮಿತವಾದದ್ದು. ಗಿರ್ಮಿಟ್ ನಾಡುಗಳಿಗೆ ಕಳುಹಿಸುವ ಅಧ್ಯಾಪಕರಿಗೆ ಫಿಜಿ ಹಿಂದಿ, ಸರ್ನಾಮಿ, ಮಾರಿಷಸ್ ಭೋಜಪುರಿಗಳ ವ್ಯಾಕರಣದ ಪರಿಚಯ ಕಡ್ಡಾಯವಾಗಲಿ. ಈ ನುಡಿಗಳ ಕೋಶ, ದಾಖಲೀಕರಣಗಳಿಗೂ ಅದೇ ನಿಧಿಯಿಂದ ಹಣ ಸಲ್ಲಲಿ. 'ಊ ದೇಖಿಸ್' ಎಂದ ಮಗುವನ್ನು ತಿದ್ದುವ ಮೊದಲು, ಅದು ಯಾವ ವ್ಯಾಕರಣದ ಪ್ರಕಾರ ಸರಿಯಾಗಿ ಮಾತನಾಡಿದೆಯೆಂಬುದು ಅಧ್ಯಾಪಕರಿಗೆ ತಿಳಿದಿರಬೇಕು.