ಕದ್ದ ಸರಕಿನ ಗಿರಾಕಿಗಳು: ಲೆವೆಸನ್ ವರದಿಯನ್ನು ಓದಿ

ವ್ಯಾಪಾರಿಯ ಕಣ್ಣು ಮೊದಲು ದರಪಟ್ಟಿಯ ಮೇಲೆ ಬೀಳುತ್ತದೆ. ಬ್ರಿಟನ್ನಿನ ಮಾಹಿತಿ ಆಯುಕ್ತರು 2006ರಲ್ಲಿ ಅಲ್ಲಿನ ಸಂಸತ್ತಿಗೆ ಸಲ್ಲಿಸಿದ ಒಂದು ವರದಿಯಲ್ಲಿ ಅಂತಹ ಪಟ್ಟಿಯೊಂದು ಅಚ್ಚಾಗಿದೆ. ದೂರವಾಣಿ ಸಂಖ್ಯೆಯೊಂದು ಯಾರದೆಂದು ಪತ್ತೆಮಾಡಿಕೊಡಲು 75 ಪೌಂಡು. ವಾಹನದ ಸಂಖ್ಯೆಯಿಂದ ಅದರ ಮಾಲೀಕನನ್ನು ಗುರುತಿಸಲು 150ರಿಂದ 200. ಒಬ್ಬಾತನ ಮೇಲಿರುವ ಅಪರಾಧ ದಾಖಲೆಗೆ 500, ಅವನ ಮೊಬೈಲ್ ಖಾತೆಯ ವಿವರಕ್ಕೆ 750. ಮೋಸದ ಮಾತಿನಿಂದ ಗುಟ್ಟನ್ನು ಹೊರತೆಗೆದವನಿಗೆ ಎಷ್ಟು, ಗಿರಾಕಿಯಿಂದ ಎಷ್ಟು ಎಂದು ಎರಡು ಕಾಲಂಗಳು. ನಲವತ್ತು ವರ್ಷ ಜವಳಿ ವ್ಯಾಪಾರದಲ್ಲಿ ಸವೆದ ನನಗೆ ಇದನ್ನು ಓದಿದಾಗ ಆಘಾತಕ್ಕಿಂತ ಮೊದಲು ಆದದ್ದು ಪರಿಚಯದ ಭಾವ. ಇದು ಮಾರುಕಟ್ಟೆ. ಸಗಟು ದರವಿದೆ, ಚಿಲ್ಲರೆ ದರವಿದೆ, ನಡುವೆ ದಲ್ಲಾಳಿಯಿದ್ದಾನೆ. ಅದೇ ವರ್ಷದ ಎರಡನೆಯ ವರದಿಯಲ್ಲಿ ಗಿರಾಕಿಗಳ ಲೆಕ್ಕವೂ ಬಂತು: ಒಬ್ಬನೇ ಖಾಸಗಿ ಪತ್ತೇದಾರನಿಂದ ಮಾಹಿತಿ ಕೊಂಡ ಪತ್ರಕರ್ತರು 305 ಮಂದಿ. ‘ಡೈಲಿ ಮೇಲ್’ ಒಂದರದೇ 58 ಪತ್ರಕರ್ತರು, 952 ವ್ಯವಹಾರಗಳು. ಇವೆಲ್ಲವೂ ಅಪರಾಧವೆಂದು ನ್ಯಾಯಾಲಯದಲ್ಲಿ ಸಾಬೀತಾದುವಲ್ಲ. ಪತ್ರಕರ್ತರಲ್ಲಿ ಒಬ್ಬರ ಮೇಲೂ ಆಗ ಮೊಕದ್ದಮೆ ಹೂಡಲಿಲ್ಲ.

ಈ ಎಚ್ಚರಿಕೆಯನ್ನು ಯಾರೂ ಲಕ್ಷಿಸಲಿಲ್ಲ. ಐದು ವರ್ಷಗಳ ತರುವಾಯ, 2011ರ ಜುಲೈ 4ರಂದು, ‘ಗಾರ್ಡಿಯನ್’ ಪತ್ರಿಕೆ ಒಂದು ಸಂಗತಿಯನ್ನು ಹೊರಗೆಡಹಿತು. 2002ರಲ್ಲಿ ಕಾಣೆಯಾಗಿ, ಅನಂತರ ಕೊಲೆಯಾದಳೆಂದು ತಿಳಿದುಬಂದ 13 ವರ್ಷದ ಬಾಲಕಿಯೊಬ್ಬಳ ಮೊಬೈಲಿಗೆ ಬಂದಿದ್ದ ಧ್ವನಿಸಂದೇಶಗಳನ್ನು ‘ನ್ಯೂಸ್ ಆಫ್ ದಿ ವರ್ಲ್ಡ್’ ಪತ್ರಿಕೆಯ ಪರವಾಗಿ ಕದ್ದು ಕೇಳಲಾಗಿತ್ತು. ಆ ಬಾಲಕಿಯ ಹೆಸರು ಜಗತ್ತಿಗೆಲ್ಲ ತಿಳಿದಿದೆ. ಈ ಲೇಖನದಲ್ಲಿ ಅದನ್ನು ಬರೆಯಲು ನನ್ನ ಲೇಖನಿ ಏಳುವುದಿಲ್ಲ. ಸಂದೇಶಗಳನ್ನು ಪತ್ರಿಕೆಯವರೇ ಅಳಿಸಿದರು, ಅದರಿಂದ ಮಗಳು ಬದುಕಿರುವಳೆಂದು ತಂದೆತಾಯಿ ಆಸೆಪಟ್ಟರು ಎಂಬ ಮಾತೂ ಆಗ ಪ್ರಕಟವಾಗಿತ್ತು. ಅಳಿಸಿದವರು ಪತ್ರಿಕೆಯವರೇ ಎನ್ನಲು ಆಧಾರ ಸಾಲದೆಂದು ಅದೇ ಡಿಸೆಂಬರಿನಲ್ಲಿ ಗೊತ್ತಾದಾಗ ಗಾರ್ಡಿಯನ್ ತನ್ನ ವರದಿಯನ್ನು ತಿದ್ದಿಕೊಂಡಿತು. ಕದ್ದು ಕೇಳಿದ್ದು ಮಾತ್ರ ದಿಟ. ಅದಕ್ಕೆ ದೊಡ್ಡ ವಿದ್ಯೆಯೇನೂ ಬೇಕಿರಲಿಲ್ಲ. ಕಂಪನಿಯವರು ಮೊದಲೇ ನಿಗದಿಮಾಡಿದ ನಾಲ್ಕಂಕಿಯ ಗುಪ್ತಸಂಖ್ಯೆಯನ್ನು ಬಹುಮಂದಿ ಬದಲಿಸುತ್ತಿರಲಿಲ್ಲ. ಒಬ್ಬನು ಕರೆಮಾಡಿ ಲೈನನ್ನು ಹಿಡಿದಿಟ್ಟರೆ ಮತ್ತೊಬ್ಬನು ಸಂದೇಶದ ಪೆಟ್ಟಿಗೆಗೆ ನುಗ್ಗುತ್ತಿದ್ದನು.

ನಮ್ಮ ನಾಡಿನಲ್ಲಿ ಟ್ಯಾಬ್ಲಾಯ್ಡ್ ಎಂದೊಡನೆ 1980ರಲ್ಲಿ ಹುಟ್ಟಿ, ಜಾಹೀರಾತನ್ನೇ ನಿರಾಕರಿಸಿ ನಡೆದ ‘ಲಂಕೇಶ್ ಪತ್ರಿಕೆ’ ನೆನಪಿಗೆ ಬರುತ್ತದೆ. ನಾನು ಹೇಳುತ್ತಿರುವುದು ಆ ಮಾದರಿಯದನ್ನಲ್ಲ. 1843ರಲ್ಲಿ ಆರಂಭವಾದ ನ್ಯೂಸ್ ಆಫ್ ದಿ ವರ್ಲ್ಡ್ 1950ರ ಸುಮಾರಿಗೆ ವಾರಕ್ಕೆ 80 ಲಕ್ಷಕ್ಕೂ ಮಿಕ್ಕು ಪ್ರತಿಗಳನ್ನು ಮಾರುತ್ತಿದ್ದ ಬೃಹತ್ ಉದ್ಯಮ. ಗುಟ್ಟು ಬಯಲಾದ ಆರೇ ದಿನಗಳಲ್ಲಿ, 168 ವರ್ಷಗಳ ಆ ಪತ್ರಿಕೆ ಮುಚ್ಚಿತು. ಪ್ರಧಾನಿ ಡೇವಿಡ್ ಕ್ಯಾಮೆರಾನ್ ನೇಮಿಸಿದ ವಿಚಾರಣೆಯ ಫಲವಾಗಿ ನ್ಯಾಯಮೂರ್ತಿ ಬ್ರಿಯಾನ್ ಲೆವೆಸನ್ ಅವರ ವರದಿ 2012ರ ನವೆಂಬರ್ 29ರಂದು ಹೊರಬಂದಿತು. ನಾಲ್ಕು ಸಂಪುಟ, ಸುಮಾರು 2,000 ಪುಟ. ಪತ್ರಿಕಾನೀತಿಯ ಬಗ್ಗೆ ಮಾತನಾಡುವವರೆಲ್ಲ ಉಲ್ಲೇಖಿಸುವ, ಪೂರ್ತಿ ಓದಿದವರು ವಿರಳವಾದ ಗ್ರಂಥವಿದು.

ಇದರ ಹಿರಿಮೆಯನ್ನು ಮೊದಲು ಒಪ್ಪಿಕೊಳ್ಳಬೇಕು. ನೊಂದವರ ಮಾತನ್ನು ನ್ಯಾಯಪೀಠದ ಮುಂದೆ, ಅವರ ಬಾಯಿಂದಲೇ ನುಡಿಸಿ ದಾಖಲಿಸಿದ್ದು ಇದರ ದೊಡ್ಡ ಗುಣ. ಪ್ರಸಿದ್ಧರಿಗೆ ಖಾಸಗಿತನವೆಲ್ಲಿಯದು ಎಂದು ಹಗುರವಾಗಿ ಆಡುವವರು, ಮಕ್ಕಳನ್ನು ಕಳೆದುಕೊಂಡ ಸಾಮಾನ್ಯ ಗೃಹಸ್ಥರ ಸಾಕ್ಷ್ಯವನ್ನು ಓದಿದ ಮೇಲೆ ಆ ಮಾತನ್ನು ಆಡಲಾರರು. ಆದರೆ ಪತ್ರಿಕೆಗಳ ಮುಖ್ಯ ಸಮರ್ಥನೆಯೊಂದನ್ನು ವರದಿ ಎದುರಿಸುವ ಬಗೆ ನನಗೆ ತೃಪ್ತಿಕರವೆನಿಸಲಿಲ್ಲ. ‘ನಾವು ಬರೆದದ್ದು ಸತ್ಯವಲ್ಲವೇ?’ ಎಂಬುದು ಆ ಸಮರ್ಥನೆ. ಇದಕ್ಕೆ ವರದಿಯ ಉತ್ತರ ಸಾರ್ವಜನಿಕ ಹಿತ ಎಂಬ ತಕ್ಕಡಿ: ಒಂದು ತಟ್ಟೆಯಲ್ಲಿ ಸತ್ಯ, ಇನ್ನೊಂದರಲ್ಲಿ ಖಾಸಗಿತನ. ಅಲ್ಲಿಗೆ ಸತ್ಯವು ಪತ್ರಿಕೆಯ ಆಸ್ತಿಯಾಗಿಯೂ ಖಾಸಗಿತನವು ಅದಕ್ಕೆ ಅಡ್ಡಬರುವ ವಿನಾಯಿತಿಯಾಗಿಯೂ ಉಳಿದುಬಿಡುತ್ತವೆ.

ನಮ್ಮ ಆಚಾರ್ಯರು ಇದನ್ನು ಬೇರೆಯಾಗಿ ನೋಡಿದ್ದಾರೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾತಿಗಳು ಶ್ರಾವಕನ ವ್ರತಗಳ ಅತಿಚಾರಗಳನ್ನು ಎಣಿಸುವಾಗ, ಏಕಾಂತದ ವಿಷಯವನ್ನು ಬಹಿರಂಗಪಡಿಸುವ ರಹೋಭ್ಯಾಖ್ಯಾನವನ್ನೂ, ಇಂಗಿತವನ್ನು ಗ್ರಹಿಸಿ ಪರರ ಗುಟ್ಟನ್ನು ಹೊರಹಾಕುವ ಸಾಕಾರಮಂತ್ರಭೇದವನ್ನೂ ಇರಿಸಿರುವುದು ಸತ್ಯಾಣುವ್ರತದ ಕೆಳಗೆ. ಇದು ಬಹುಕಾಲ ನನಗೆ ಒಗಟಾಗಿತ್ತು. ಹೊರಬಿದ್ದದ್ದು ಸುಳ್ಳಲ್ಲ, ಹಾಗಿದ್ದೂ ಸತ್ಯವ್ರತಕ್ಕೆ ಕುಂದು ಹೇಗೆ? ಲೆವೆಸನ್ ವರದಿಯಲ್ಲಿನ ಸಾಕ್ಷ್ಯಗಳನ್ನು ಓದಿದ ಮೇಲೆ ಆ ಒಗಟು ಬಿಡಿಸಿಕೊಂಡಿತು. ಆಪ್ತರ ಕಿವಿಗೆಂದು ಆಡಿದ ಮಾತು ಕೋಟಿ ಜನರ ಮುಂದೆ ಹರಡಲ್ಪಟ್ಟಾಗ ಶಬ್ದ ಅದೇ ಇರುತ್ತದೆ, ಅರ್ಥ ಅದೇ ಇರುವುದಿಲ್ಲ. ತಾಯಿ ತನ್ನ ಕಾಣೆಯಾದ ಮಗಳಿಗೆ ಬಿಟ್ಟ ಸಂದೇಶ ಸುದ್ದಿಯಾದ ಕ್ಷಣವೇ ಅದು ಆ ತಾಯಿಯ ಮಾತಾಗಿ ಉಳಿಯುವುದಿಲ್ಲ. ಸತ್ಯದ ಹೆಸರಿನಲ್ಲಿ ಕೆಡುವುದು ಸತ್ಯವೇ. ತಕ್ಕಡಿಯ ಎರಡೂ ತಟ್ಟೆಗಳಲ್ಲಿರುವುದು ಒಂದೇ ವಸ್ತುವೆಂದು ವರದಿ ಕಂಡಿದ್ದರೆ ಅದರ ವಾದಕ್ಕೆ ಇನ್ನಷ್ಟು ಬಲ ಬರುತ್ತಿತ್ತು.

ಒಡೆತನದ ವಿಷಯದಲ್ಲಿ ವರದಿ ಇನ್ನೂ ದುರ್ಬಲ. ರೂಪರ್ಟ್ ಮರ್ಡಾಕ್ 1969ರಲ್ಲಿ ನ್ಯೂಸ್ ಆಫ್ ದಿ ವರ್ಲ್ಡ್ ಹಾಗೂ ‘ಸನ್’ ಪತ್ರಿಕೆಗಳನ್ನು, 1981ರಲ್ಲಿ ‘ಟೈಮ್ಸ್’ ಹಾಗೂ ‘ಸಂಡೇ ಟೈಮ್ಸ್’ಗಳನ್ನು ಕೊಂಡರು. ಎರಡನೆಯ ಖರೀದಿಗೆ ತುಸು ಮುಂಚೆ, ಆ ವರ್ಷದ ಜನವರಿ 4ರಂದು, ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಅವರೊಡನೆ ಚೆಕರ್ಸ್ ಭವನದಲ್ಲಿ ಊಟಮಾಡಿದರು. ಖರೀದಿಯನ್ನು ಏಕಸ್ವಾಮ್ಯ ಆಯೋಗದ ಪರಿಶೀಲನೆಗೆ ಸರ್ಕಾರ ಒಪ್ಪಿಸಲಿಲ್ಲ. ಆ ಊಟದ ಟಿಪ್ಪಣಿ ಹೊರಬಂದದ್ದು 2012ರಲ್ಲಿ. ಪರರ ಮನೆಯ ಗುಟ್ಟುಗಳನ್ನು ಭಾನುವಾರಕ್ಕೊಮ್ಮೆ ಹಂಚುತ್ತಿದ್ದ ಮನೆತನ ತನ್ನ ಒಂದು ಭಾನುವಾರದ ಊಟವನ್ನು 31 ವರ್ಷ ಕಾಪಾಡಿಕೊಂಡಿತ್ತು! ಪ್ರಧಾನಿಗಳ ಪಕ್ಷ ಬದಲಾದರೂ ನಂಟು ಬದಲಾಗಲಿಲ್ಲ: ಟೋನಿ ಬ್ಲೇರ್ 1995ರಲ್ಲಿ ವಿರೋಧಪಕ್ಷದ ನಾಯಕರಾಗಿದ್ದಾಗ ಮರ್ಡಾಕ್ ಸಂಸ್ಥೆಯ ಸಮ್ಮೇಳನದಲ್ಲಿ ಭಾಷಣ ಮಾಡಲು ಆಸ್ಟ್ರೇಲಿಯದವರೆಗೆ ಹಾರಿದರು, ನ್ಯೂಸ್ ಆಫ್ ದಿ ವರ್ಲ್ಡ್‌ನ ಮಾಜಿ ಸಂಪಾದಕ ಆಂಡಿ ಕೂಲ್ಸನ್ ಕ್ಯಾಮೆರಾನ್ ಅವರ ಪ್ರಚಾರ ನಿರ್ದೇಶಕರಾಗಿ ಪ್ರಧಾನಿ ಕಾರ್ಯಾಲಯವನ್ನೇ ಹೊಕ್ಕರು. ಕೂಲ್ಸನ್‌ಗೆ 2014ರಲ್ಲಿ 18 ತಿಂಗಳ ಸೆರೆಯಾಯಿತು. ಅದೇ ಮೊಕದ್ದಮೆಯಲ್ಲಿ ಇನ್ನೊಬ್ಬ ಮಾಜಿ ಸಂಪಾದಕಿ ರೆಬೆಕಾ ಬ್ರೂಕ್ಸ್ ಎಲ್ಲ ಆರೋಪಗಳಿಂದ ಮುಕ್ತರಾದರು.

ರಾಜಕಾರಣಿಗಳೂ ಪತ್ರಿಕೆಗಳೂ ಜನಹಿತಕ್ಕೆ ವಿರುದ್ಧವಾಗಿ ಅತಿ ಸಮೀಪಕ್ಕೆ ಬಂದಿದ್ದರೆಂದು ವರದಿ ಸ್ಪಷ್ಟವಾಗಿಯೇ ಹೇಳುತ್ತದೆ. ಆದರೆ ಒಬ್ಬನು ಎಷ್ಟು ಪತ್ರಿಕೆಗಳನ್ನು ಹೊಂದಬಹುದೆಂಬ ಪ್ರಶ್ನೆ ಬಂದಾಗ ಮಿತಿಯನ್ನು ತಾನು ಹೇಳದೆ ಸರ್ಕಾರಕ್ಕೂ ನಿಯಂತ್ರಕರಿಗೂ ಬಿಟ್ಟುಕೊಡುತ್ತದೆ. ರೋಗದ ಲಕ್ಷಣಕ್ಕೆ ಸಾವಿರ ಪುಟ, ಕಾರಣಕ್ಕೆ ಕೆಲವೇ ಪುಟ. ಪರಿಗ್ರಹಕ್ಕೆ ಪರಿಮಾಣವಿಲ್ಲದಿದ್ದಲ್ಲಿ ಉಳಿದ ವ್ರತಗಳು ನಿಲ್ಲವೆಂಬುದು ಬಸದಿಗೆ ಹೋಗುವ ಬಾಲಕನಿಗೂ ಗೊತ್ತು. ಇಂದು ಬ್ರಿಟನ್ನಿನ ರಾಷ್ಟ್ರೀಯ ಪತ್ರಿಕೆಗಳ ಪ್ರಸಾರದಲ್ಲಿ ನೂರಕ್ಕೆ ಸುಮಾರು 90 ಪಾಲು ಮೂರೇ ಸಂಸ್ಥೆಗಳ ಕೈಯಲ್ಲಿದೆ.

ಇದು ಪರದೇಶದ ಕಥೆಯೆಂದು ನಾವು ನಿಶ್ಚಿಂತರಾಗುವಂತಿಲ್ಲ. ಟೈಮ್ಸ್ ಆಫ್ ಇಂಡಿಯಾದ ಒಡೆತನವಿರುವುದು ಭಾರತೀಯ ಜ್ಞಾನಪೀಠವನ್ನು ಸ್ಥಾಪಿಸಿದ ಸಾಹು ಶಾಂತಿಪ್ರಸಾದ ಜೈನರ ಮನೆತನದಲ್ಲಿ. 2006ರಲ್ಲಿ ‘ವಿಜಯ ಕರ್ನಾಟಕ’ವೂ ಅದೇ ಬಳಗ ಸೇರಿತು. ಯಾರನ್ನೂ ಆಕ್ಷೇಪಿಸಲು ಇದನ್ನು ಹೇಳುತ್ತಿಲ್ಲ. ಒಡೆತನದ ಮಿತಿಯ ಪ್ರಶ್ನೆ ನಮ್ಮ ಸಮಾಜದ ಅಂಗಳದಲ್ಲೂ ನಿಂತಿದೆ ಎಂಬುದಷ್ಟೇ ತಾತ್ಪರ್ಯ. ಗುಟ್ಟನ್ನು ಹೊರಗೆಳೆದ ಗಾರ್ಡಿಯನ್ 1936ರಿಂದ ಒಂದು ನ್ಯಾಸದ ಅಧೀನದಲ್ಲಿದೆ, ಅದರ ಲಾಭ ಯಾವ ಮನೆತನಕ್ಕೂ ಸಲ್ಲುವುದಿಲ್ಲ. ಬಸದಿಗಳ ಟ್ರಸ್ಟುಗಳನ್ನು ನಡೆಸುವ ಓದುಗರು ಇದನ್ನು ವಿಶೇಷವಾಗಿ ಗಮನಿಸಬಹುದು. ಟ್ರಸ್ಟಿನೊಳಗೂ ಜಗಳಗಳಿರುತ್ತವೆಂದು ಅವರಿಗೆ ನಾನು ಹೇಳಬೇಕಾಗಿಲ್ಲ.

ವರದಿಯ ಮುಂದಿನ ಗತಿಯನ್ನು ಬೇಗನೆ ಹೇಳಿ ಮುಗಿಸಬಹುದು. ಸ್ವತಂತ್ರ ನಿಯಂತ್ರಣಕ್ಕಾಗಿ 2013ರಲ್ಲಿ ರಾಜಶಾಸನ ಬಂದಿತು. ದೊಡ್ಡ ಪತ್ರಿಕೆಗಳು ಅದರ ಹತ್ತಿರ ಸುಳಿಯದೆ 2014ರಲ್ಲಿ ತಮ್ಮದೇ ಸಂಸ್ಥೆ ಮಾಡಿಕೊಂಡವು. ವಿಚಾರಣೆಯ ಎರಡನೆಯ ಭಾಗವನ್ನು ಸರ್ಕಾರ 2018ರಲ್ಲಿ ಕೈಬಿಟ್ಟಿತು. ನಿಯಂತ್ರಣಕ್ಕೆ ಒಳಪಡದ ಪತ್ರಿಕೆಗಳು ಮೊಕದ್ದಮೆಯ ಖರ್ಚು ಹೊರಬೇಕೆಂಬ ಕಾನೂನಿನ ಕಲಮು ಒಂದು ದಿನವೂ ಜಾರಿಗೆ ಬಾರದೆ 2024ರಲ್ಲಿ ರದ್ದಾಯಿತು. 2025ರ ಜನವರಿಯಲ್ಲಿ ಮರ್ಡಾಕ್ ಸಂಸ್ಥೆ ರಾಜಕುಮಾರ ಹ್ಯಾರಿಯವರ ಕ್ಷಮೆ ಕೇಳಿತು. ಸನ್ ಪತ್ರಿಕೆಗಾಗಿ ದುಡಿದ ಖಾಸಗಿ ಪತ್ತೇದಾರರು ಕಾನೂನು ಮೀರಿದ್ದನ್ನು ಆಗ ಒಪ್ಪಿಕೊಂಡಿತು.

ನನ್ನ ಮುಖ್ಯ ಆಕ್ಷೇಪಣೆ ಬೇರೆಯೇ ಇದೆ. ವರದಿಯ ಶಿಫಾರಸುಗಳು ಪತ್ರಿಕೋದ್ಯಮಕ್ಕೆ, ಸರ್ಕಾರಕ್ಕೆ, ಪೊಲೀಸರಿಗೆ, ಮಾಹಿತಿ ಆಯುಕ್ತರಿಗೆ. ದರಪಟ್ಟಿಯ ಕೊನೆಯ ಗಿರಾಕಿಗೆ, ಅಂದರೆ ಓದುಗನಿಗೆ, ಒಂದೂ ಇಲ್ಲ. ಕಾನೂನು ಓದುಗನನ್ನು ಮುಟ್ಟಲಾರದು, ಮುಟ್ಟಲೂಬಾರದು; ನ್ಯಾಯಮೂರ್ತಿಗಳ ಇಕ್ಕಟ್ಟು ಅರ್ಥವಾಗುತ್ತದೆ. ಆದರೆ ವ್ರತಕ್ಕೆ ಆ ಇಕ್ಕಟ್ಟಿಲ್ಲ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಕಳವಿಗೆ ಪ್ರೇರೇಪಿಸುವ ಸ್ತೇನಪ್ರಯೋಗದ ಬೆನ್ನಿಗೇ ಕದ್ದು ತಂದುದನ್ನು ಕೊಳ್ಳುವ ತದಾಹೃತಾದಾನ ಬರುತ್ತದೆ.

ನಾನು ಬಿ.ಕಾಂ. ಮುಗಿಸಿ ಅಂಗಡಿಯಲ್ಲಿ ಕುಳಿತ ಹೊಸತರಲ್ಲಿ ಒಬ್ಬನು ಬಿಲ್ಲಿಲ್ಲದ ಸೀರೆಯ ಗಂಟೊಂದನ್ನು ಅರ್ಧ ದರಕ್ಕೆ ತಂದಿಟ್ಟನು. ಲಾಭದ ಲೆಕ್ಕ ಹಾಕಿ ನಾನು ಗಂಟು ಬಿಚ್ಚತೊಡಗಿದ್ದೆ. ತಂದೆಯವರು ಗದರಲಿಲ್ಲ. ‘ಎಲ್ಲಿಂದ ಬಂತೆಂದು ಕೇಳಿದೆಯಾ?’ ಎಂದರು. ಕೇಳಿರಲಿಲ್ಲ; ಕೇಳಬಾರದೆಂದೇ ಕೇಳಿರಲಿಲ್ಲ. ಗಂಟನ್ನು ಮತ್ತೆ ಕಟ್ಟಿ ಕಳುಹಿಸಿದೆ. ಅದೇ ನಾನು 1997ರ ಸೆಪ್ಟೆಂಬರಿನ ಮೊದಲ ವಾರದಲ್ಲಿ, ಛಾಯಾಗ್ರಾಹಕರು ಬೆನ್ನಟ್ಟಿದ ಕಾರಿನಲ್ಲಿ ಪ್ಯಾರಿಸ್ಸಿನಲ್ಲಿ ಮಡಿದ ರಾಜಕುಮಾರಿ ಡಯಾನಾರ ಚಿತ್ರಗಳಿಗಾಗಿ ದಿನಕ್ಕೆ ಮೂರು ಪತ್ರಿಕೆ ಕೊಂಡೆ. ಆಗ ಎಲ್ಲಿಂದ ಬಂತೆಂದು ಕೇಳಲು ತಂದೆಯವರು ಇರಲಿಲ್ಲ.

ನ್ಯೂಸ್ ಆಫ್ ದಿ ವರ್ಲ್ಡ್‌ನ ಕೊನೆಯ ಸಂಚಿಕೆ 2011ರ ಜುಲೈ 10ರಂದು ಹೊರಟಿತು. ಸತ್ತ ಬಾಲಕಿಯ ಸಂದೇಶಗಳನ್ನು ಕದ್ದ ವಿಷಯ ತಿಳಿದು ಇಡೀ ದೇಶ ಛೀಮಾರಿ ಹಾಕಿದ ವಾರವದು. ಆ ಭಾನುವಾರ ಅದರ ಸುಮಾರು 38 ಲಕ್ಷ ಪ್ರತಿಗಳು ಮಾರಾಟವಾದವು; ವಾಡಿಕೆಗಿಂತ ಹತ್ತು ಲಕ್ಷದಷ್ಟು ಹೆಚ್ಚು. ಎಂಟು ತಿಂಗಳೊಳಗೆ, 2012ರ ಫೆಬ್ರವರಿ 26ರಂದು, ಅದೇ ಸಂಸ್ಥೆ ಸನ್ ಪತ್ರಿಕೆಯ ಭಾನುವಾರದ ಆವೃತ್ತಿಯನ್ನು ಹೊರತಂದಿತು. ಮೊದಲ ಸಂಚಿಕೆಗೇ 32 ಲಕ್ಷಕ್ಕೂ ಹೆಚ್ಚು ಗಿರಾಕಿಗಳಿದ್ದರು.