ಹಳೆಯ ರೇಸ್ ಬೈಕಿನ ಗೇರ್‌ಬಾಕ್ಸ್: ರಸಿಕರಿಗೊಂದು ಕೈಪಿಡಿ

ಹಳೆಯ ಮೋಟಾರ್‌ಸೈಕಲ್ ರೇಸು ನೋಡಲು ಹೋದವರು ಮೊದಲು ಮರುಳಾಗುವುದು ಎಂಜಿನ್ನಿಗೆ. ಅದರ ಗುಡುಗು, ದೊಡ್ಡ ಕಾರ್ಬುರೇಟರು, ಮಿರುಗುವ ಸೈಲೆನ್ಸರು ತಾವಾಗಿಯೇ ಗಮನ ಸೆಳೆಯುತ್ತವೆ. ಗೇರ್‌ಬಾಕ್ಸು ಮಾತ್ರ ಮುಚ್ಚಿದ ಪೆಟ್ಟಿಗೆಯೊಳಗೆ ಎಣ್ಣೆಯಲ್ಲಿ ಕೂತಿರುತ್ತದೆ. ಅದನ್ನು ಸವಿಯಬೇಕಾದರೆ ಒಂದು ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ಹೋಗಬೇಕು: ಇದನ್ನು ಕಟ್ಟಿದವರು ಏನನ್ನು ಪಡೆಯುವುದಕ್ಕಾಗಿ ಏನನ್ನು ಬಿಟ್ಟುಕೊಟ್ಟರು?

ಉದಾಹರಣೆಗೆ ಒಂದೇ ಗಾಡಿಯನ್ನು ತೆಗೆದುಕೊಳ್ಳೋಣ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ತಯಾರಾದ ಬಿಎಸ್‌ಎ ಗೋಲ್ಡ್ ಸ್ಟಾರ್, 1956ರ ಡಿಬಿಡಿ34 ಮಾದರಿ. 500 ಸಿಸಿಯ ಒಂಟಿ ಸಿಲಿಂಡರು. ಕ್ಲಬ್‌ಮನ್ಸ್ ಎಂಬ ಹವ್ಯಾಸಿ ರೇಸುಗಳ ಸವಾರರು ಇದಕ್ಕೆ ಹಾಕಿಸುತ್ತಿದ್ದ ಗೇರ್‌ಬಾಕ್ಸಿನ ಹೆಸರು ಆರ್‌ಆರ್‌ಟಿ2. ಅದರ ನಾಲ್ಕು ಗೇರುಗಳ ಅನುಪಾತ ಹೀಗಿದೆ: 1.754, 1.326, 1.099, 1.

ಮೊದಲು ಲೆಕ್ಕ

ಎಂಜಿನ್ 7000 ಆರ್‌ಪಿಎಂ ಮುಟ್ಟಿದಾಗಲೆಲ್ಲ ಸವಾರ ಗೇರು ಬದಲಿಸುತ್ತಾನೆ ಎನ್ನೋಣ. ಒಂದರಿಂದ ಎರಡಕ್ಕೆ ಹಾಕಿದಾಗ ಆರ್‌ಪಿಎಂ ಆ ಎರಡು ಅನುಪಾತಗಳಿಗೆ ತಕ್ಕಂತೆ ಸುಮಾರು 5300ಕ್ಕೆ ಇಳಿಯುತ್ತದೆ. ಎರಡರಿಂದ ಮೂರಕ್ಕೆ ಹಾಕಿದಾಗ 5800ಕ್ಕೆ. ಮೂರರಿಂದ ಟಾಪ್‌ಗೆ ಹಾಕಿದಾಗ 6400ರ ಆಸುಪಾಸಿಗೆ ಇಳಿದು ಅಲ್ಲೇ ನಿಲ್ಲುತ್ತದೆ. ಮೇಲಕ್ಕೆ ಹೋದಷ್ಟೂ ಅಂತರ ಕಿರಿದಾಗುತ್ತದೆ, ಅದಕ್ಕೆ ಕಾರಣ ಗಾಳಿ. ವೇಗ ಏರಿದಂತೆ ಗಾಳಿಯ ತಡೆ ವಿಪರೀತ ಹೆಚ್ಚುತ್ತದೆ. ಆಗ ಎಂಜಿನ್ ತನ್ನ ಪೂರ್ತಿ ಬಲ ಇರುವ ಜಾಗದಿಂದ ಸ್ವಲ್ಪ ಕೆಳಗೆ ಜಾರಿದರೂ ಗಾಡಿ ಸೊರಗುತ್ತದೆ. ಎಂಜಿನ್ನಿಗೆ ಹೊಸ ಬಲ ಕೊಡುವುದು ಗೇರ್‌ಬಾಕ್ಸಿನ ಕೈಯಲ್ಲಿಲ್ಲ. ಇರುವ ಬಲವನ್ನು ಸೋರದಂತೆ ಕಾಯುವುದಷ್ಟೇ ಅದರ ಕೆಲಸ.

ಆಮೇಲೆ ಕಿವಿ

ರೇಸು ನೋಡುವಾಗ ನೇರ ರಸ್ತೆಯ ಅಂಚಿನಲ್ಲಿ ನಿಂತು ಕಣ್ಣು ಮುಚ್ಚಿ ಕೇಳಿ. ರಸ್ತೆ ಬೈಕಿನಲ್ಲಿ ಗೇರು ಬದಲಾದಾಗ ಎಂಜಿನ್ನಿನ ದನಿ ದೊಪ್ಪನೆ ಕೆಳಗಿಳಿದು ಮತ್ತೆ ಏದುತ್ತಾ ಮೇಲೇರುತ್ತದೆ. ಹೀಗೆ ಅಂತರ ಕಿರಿದಾಗಿರುವ, ಅಂದರೆ ಕ್ಲೋಸ್ ರೇಷಿಯೋ ಗೇರ್‌ಬಾಕ್ಸಿನಲ್ಲಿ, ಅದರಲ್ಲೂ ಮೂರರಿಂದ ಟಾಪ್‌ಗೆ ಹೋಗುವಾಗ, ದನಿ ಒಂದಿಷ್ಟೇ ಬಾಗಿ ಮತ್ತೆ ಎದ್ದು ನಿಲ್ಲುತ್ತದೆ. ಈ ವ್ಯತ್ಯಾಸ ಒಮ್ಮೆ ಕಿವಿಗೆ ಹತ್ತಿತೆಂದರೆ ಅರ್ಧ ರಸಿಕತೆ ಬಂದ ಹಾಗೆ.

ಬಿಟ್ಟುಕೊಟ್ಟದ್ದು

ಇನ್ನು ಸ್ಟಾರ್ಟಿಂಗ್ ಲೈನಿಗೆ ಬನ್ನಿ. ಟಾಪ್ ಗೇರಿನಲ್ಲಿ ಗಂಟೆಗೆ 177 ಕಿ.ಮೀ. ಮುಟ್ಟುವಂತೆ ಸ್ಪ್ರಾಕೆಟ್ ಹಾಕಿದ್ದರೆ, ಇದೇ ಲೆಕ್ಕದಲ್ಲಿ ಒಂದನೇ ಗೇರೊಂದೇ 100 ಕಿ.ಮೀ. ತನಕ ಎಳೆಯುತ್ತದೆ. ಅಷ್ಟು ಎತ್ತರದ ಒಂದನೇ ಗೇರಿನಲ್ಲಿ ನಿಂತ ಗಾಡಿಯನ್ನು ಹೊರಡಿಸುವುದು ಸುಲಭವಲ್ಲ. ಸವಾರ ಆರ್‌ಪಿಎಂ ಏರಿಸಿ, ಬಹಳ ದೂರದವರೆಗೆ ಹಾಫ್ ಕ್ಲಚ್ಚಿನಲ್ಲೇ ಗಾಡಿಯನ್ನು ನಡೆಸುತ್ತಾನೆ. ಐಲ್ ಆಫ್ ಮ್ಯಾನ್ ಟಿಟಿ ರೇಸಿನ ಸುಮಾರು 60 ಕಿ.ಮೀ. ಸುತ್ತಿನಲ್ಲಿ ಗವರ್ನರ್ಸ್ ಬ್ರಿಜ್ ಎಂಬ ತೀರಾ ನಿಧಾನದ ತಿರುವಿದೆ. ಅಲ್ಲಿ ಮತ್ತೆ ಕ್ಲಚ್ಚಿಗೇ ಮೊರೆ. ನೇರ ರಸ್ತೆಯ ಲಾಭಕ್ಕೆ ತಿರುವಿನಲ್ಲಿ ತೆತ್ತ ಬೆಲೆ ಅದು. ತಿಳಿದು ತೆತ್ತದ್ದಾದ್ದರಿಂದಲೇ ಅದನ್ನು ಮೆಚ್ಚಬೇಕು.

ಬೆಂಚಿನ ಮೇಲೆ

ಅವಕಾಶ ಸಿಕ್ಕರೆ ಬಿಚ್ಚಿಟ್ಟ ಗೇರ್‌ಬಾಕ್ಸನ್ನು ನೋಡಿ. ಗೇರುಗಳ ಹಲ್ಲುಗಳು ಸದಾ ಒಂದನ್ನೊಂದು ಕಚ್ಚಿಕೊಂಡೇ ಇರುತ್ತವೆ. ಗೇರು ಬಿತ್ತು ಎಂದರೆ ಒಂದರ ಬದಿಯಲ್ಲಿರುವ ದಪ್ಪ ಗಟ್ಟಿಗಳು ಪಕ್ಕದ ಗೇರಿನ ಸಂದುಗಳಿಗೆ ಹೊಕ್ಕವು ಎಂದರ್ಥ. ಈ ಗಟ್ಟಿಗಳಿಗೆ ಡಾಗ್ ಎನ್ನುತ್ತಾರೆ. ಅವುಗಳ ಮೂಲೆಯ ಮೇಲೆ ಬೆರಳಾಡಿಸಿ. ಅಂಚು ಚೂಪಾಗಿದ್ದರೆ ಆರೋಗ್ಯ, ದುಂಡಗೆ ಸವೆದಿದ್ದರೆ ಭರ್ತಿ ಥ್ರಾಟಲ್ಲಿನಲ್ಲಿ ಗೇರು ಜಿಗಿದು ಹೊರಬರುತ್ತದೆ.

ಒಳ್ಳೆಯ ಕಾರಿಗರು ಡಾಗ್‌ಗಳ ಮುಖವನ್ನು ಬುಡದ ಕಡೆ ಎರಡು ಮೂರು ಡಿಗ್ರಿಯಷ್ಟು ಒಳಕ್ಕೆ ಓರೆಯಾಗಿ ಕಡೆಯುತ್ತಾರೆ. ಇದು ಅಂಡರ್‌ಕಟ್. ಎಂಜಿನ್ ಎಳೆದಷ್ಟೂ ಎರಡು ಗೇರುಗಳು ಒಂದರೊಳಗೊಂದು ಇನ್ನಷ್ಟು ಬಿಗಿದುಕೊಳ್ಳುತ್ತವೆ. ಇಲ್ಲಿ ಕೈ ಸ್ವಲ್ಪ ಜಾಸ್ತಿ ಹೋದರೂ ಕೆಟ್ಟಿತು. ಗೇರಿನ ಉಕ್ಕು ಮೇಲ್ಪದರದಲ್ಲಿ ಮಾತ್ರ ಗಡಸು. ಆ ಪದರ ದಾಟಿ ಕಡೆದರೆ ಒಳಗಿನ ಮೆತ್ತನೆಯ ಲೋಹ ಬೇಗ ಸವೆಯುತ್ತದೆ. ಶಾಫ್ಟಿನ ಮೇಲೆ ಕೂರಿಸಿದ ಶಿಮ್ ಎಂಬ ತೆಳ್ಳನೆಯ ಬಿಲ್ಲೆಗಳನ್ನೂ ಗಮನಿಸಿ. ಡಾಗ್ ಪೂರ್ತಿ ಆಳಕ್ಕೆ ಹೊಗುವುದೋ ಇಲ್ಲವೋ ಎಂಬುದು ಅವುಗಳ ದಪ್ಪದ ಮೇಲೆ ನಿಂತಿದೆ. ಆರ್‌ಆರ್‌ಟಿ2ರ ಹೆಸರಿನಲ್ಲಿರುವ ಟಿ ಅಕ್ಷರವೂ ಇಂಥದೇ ಒಂದು ಕಾಳಜಿಯ ಗುರುತು. ಸಾದಾ ಬುಷ್ ತೆಗೆದು ಟಾರಿಂಗ್ಟನ್ ಸೂಜಿ ಬೇರಿಂಗ್ ಕೂರಿಸಿದ್ದಾರೆ ಎಂದು ಅದು ಸಾರುತ್ತದೆ.

ಗೇರು ಹೆಚ್ಚಾದರೆ?

ಬಲ ಸಿಗುವ ಆರ್‌ಪಿಎಂ ವ್ಯಾಪ್ತಿ ಚಿಕ್ಕದಾದಷ್ಟೂ ಹೆಚ್ಚು ಗೇರು ಬೇಕು. 1967ರ ಸುಜುಕಿಯ 50 ಸಿಸಿ ಅವಳಿ ಸಿಲಿಂಡರ್ ರೇಸರಿಗೆ 14 ಗೇರುಗಳಿದ್ದವು. 1969ರಿಂದ ಆ ವರ್ಗದಲ್ಲಿ ಒಂದು ಸಿಲಿಂಡರು, ಆರು ಗೇರು ಎಂಬ ನಿಯಮ ಬಂದು ಗೇರು ಹೆಚ್ಚಿಸುವ ಈ ಪೈಪೋಟಿ ನಿಂತಿತು.

ಕಿವಿ ಪಳಗಿಸಿಕೊಳ್ಳಲು ನಾವು ಅಷ್ಟು ದೂರ ಹೋಗಬೇಕಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಜಾವಾ, ಯೆಜ್ಡಿಗಳು ಇಂದಿಗೂ ನಮ್ಮ ಬೀದಿಗಳಲ್ಲಿವೆ. ಕಿಕ್ಕರೂ ಗೇರೂ ಒಂದೇ ಲಿವರು, ನಾಲ್ಕೇ ಗೇರು. ಇವುಗಳ ಟೂ ಸ್ಟ್ರೋಕ್ ಎಂಜಿನ್ನಿನ ಪೋರ್ಟುಗಳನ್ನು ರೇಸಿಗೆಂದು ಕಡೆದು ಹಿಗ್ಗಿಸಿದರೆ ಬಲವೆಲ್ಲ ಮೇಲಿನ ಆರ್‌ಪಿಎಂಗೆ ಹೋಗಿ ಕೂರುತ್ತದೆ. ಗೇರಿನ ಹಳೆಯ ಅಂತರಗಳು ಅದನ್ನು ಅಲ್ಲಿ ಹಿಡಿದಿಡಲಾರವು. ಎಂಜಿನ್ ಮುಟ್ಟಿದವರು ಗೇರ್‌ಬಾಕ್ಸನ್ನೂ ಮುಟ್ಟಲೇಬೇಕಾಗುವುದು ಇದಕ್ಕೇ.

ಇನ್ನು ಮುಂದೆ ಯಾರಾದರೂ ತಮ್ಮ ರೇಸ್ ಗೇರ್‌ಬಾಕ್ಸ್ ತೋರಿಸಿದರೆ, ಎಷ್ಟು ಸ್ಪೀಡು ಹೋಗುತ್ತದೆ ಎಂದು ಕೇಳಬೇಡಿ. ಯಾವ ಟ್ರ್ಯಾಕಿಗೆ ಕಟ್ಟಿದ್ದು, ಅತಿ ನಿಧಾನದ ತಿರುವು ಎಲ್ಲಿದೆ, ಅಲ್ಲಿ ಯಾವ ಗೇರು ಎಂದು ಕೇಳಿ. ಕಟ್ಟಿದವರು ಮನಸ್ಸು ಬಿಚ್ಚಿ ಮಾತಾಡುವುದು ಆಗಲೇ.