ಮರಿಕೋಸನ್ನು ಕುದಿಸಬೇಡಿ

ಬ್ರಸೆಲ್ಸ್ ಸ್ಪ್ರೌಟ್ಸ್ ಅನ್ನುವ ಮರಿಕೋಸಿಗೆ ಕೆಟ್ಟ ಹೆಸರು ತಂದಿಟ್ಟದ್ದು ನೀರು. ಇಂಗ್ಲೆಂಡಿನ ಕ್ರಿಸ್‌ಮಸ್ ಊಟಕ್ಕೆ ಇದು ಇರಲೇಬೇಕು. ಅಲ್ಲಿನ ಹಳೆಯ ಮನೆಗಳಲ್ಲಿ ಇದನ್ನು ಉಪ್ಪುನೀರಿಗೆ ಹಾಕಿ, ಮುಟ್ಟಿದರೆ ಮುದ್ದೆಯಾಗುವಷ್ಟು ಕುದಿಸುತ್ತಿದ್ದರು. ದಿಂಡು ಬೇಗ ಬೇಯಲೆಂದು ಬುಡಕ್ಕೆ ಚಾಕುವಿನಿಂದ ಅಡ್ಡ-ಉದ್ದ ಗೀರು ಹಾಕುವ ರೂಢಿ ಬೇರೆ. ಆ ಗೀರಿನಿಂದ ನೀರು ಒಳಗೆ ಸೇರಿ ಎಲೆಯೆಲ್ಲ ಜವುಗು ಹಿಡಿಯುತ್ತದೆ, ಮನೆಯೆಲ್ಲ ಗಂಧಕದ ವಾಸನೆ. ಹಾಗೆ ಬಡಿಸಿದ್ದನ್ನು ಮಕ್ಕಳು ತಟ್ಟೆಯ ಅಂಚಿಗೆ ತಳ್ಳಿದ್ದರಲ್ಲಿ ತಪ್ಪೇನೂ ಇಲ್ಲ.

ಇದು ಎಲೆಕೋಸು, ಹೂಕೋಸು, ನವಿಲುಕೋಸುಗಳ ಒಡಹುಟ್ಟು. ಎಲ್ಲವೂ ಒಂದೇ ಸಸ್ಯಜಾತಿಯ ಬೇರೆ ಬೇರೆ ರೂಪಗಳು. ಗಿಡ ಸೊಂಟದೆತ್ತರಕ್ಕೆ ನೆಟ್ಟಗೆ ಬೆಳೆಯುತ್ತದೆ. ಒಂದೊಂದು ಎಲೆಯ ಕಂಕುಳಲ್ಲೂ ಒಂದೊಂದು ಮೊಗ್ಗು ಗಟ್ಟಿಯಾಗಿ ಸುತ್ತಿಕೊಂಡು, ಕಾಂಡದ ತುಂಬ ಸಾಲುಗಟ್ಟಿ ಅಂಟಿರುತ್ತದೆ. ಚಳಿ ಬೀಳುತ್ತಿದ್ದಂತೆ ಗಿಡ ತನ್ನೊಳಗೆ ಸಕ್ಕರೆ ಸೇರಿಸಿಕೊಳ್ಳುತ್ತದೆ. ಹಾಗಾಗಿ ಹಿಮ ಬಿದ್ದ ಮೇಲೆ ಕಿತ್ತದ್ದಕ್ಕೇ ಸಿಹಿ ಹೆಚ್ಚು.

ಕಹಿಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಸಾಸಿವೆಯ ಘಾಟಿಗೆ ಮೂಲವಾದ ಸಿನಿಗ್ರಿನ್ ಎಂಬ ವಸ್ತುವೇ ಇದರಲ್ಲೂ ಇದೆ. ನೆದರ್ಲೆಂಡ್ಸ್‌ನ ವಿಜ್ಞಾನಿ ಹಾನ್ಸ್ ಫಾನ್ ಡೋರ್ನ್ ಮತ್ತು ಸಂಗಡಿಗರು, ಮರಿಕೋಸಿನ ಕಹಿಗೆ ಮುಖ್ಯ ಕಾರಣ ಸಿನಿಗ್ರಿನ್ ಮತ್ತು ಪ್ರೊಗೊಯಿಟ್ರಿನ್ ಎಂದು 1990ರ ದಶಕದಲ್ಲಿ ಗುರುತಿಸಿದರು. ಆಮೇಲೆ ಬೀಜದ ಕಂಪನಿಗಳು ಇವೆರಡೂ ಕಡಿಮೆಯಿದ್ದ ಹಳೆಯ ತಳಿಗಳನ್ನು ಹುಡುಕಿ ತೆಗೆದು, ಹೆಚ್ಚು ಇಳುವರಿಯ ಹೊಸ ತಳಿಗಳ ಜೊತೆ ಬೆರೆಸಿದವು. ಇವತ್ತು ಅಂಗಡಿಗೆ ಬರುವ ಕಾಯಿ 40 ವರ್ಷದ ಹಿಂದಿನದಕ್ಕಿಂತ ನಿಜಕ್ಕೂ ಸೌಮ್ಯ. ಒಮ್ಮೆ ತಿಂದು ಬೇಡವೆಂದು ಬಿಟ್ಟವರು ಮತ್ತೊಮ್ಮೆ ತಿಂದು ನೋಡಬೇಕು.

ಕೊಳ್ಳುವಾಗ ಸಣ್ಣದನ್ನೇ ಆರಿಸಿ. ಹಿಡಿದರೆ ಗಟ್ಟಿಯಾಗಿ, ಗಾತ್ರಕ್ಕೆ ಮೀರಿದ ತೂಕ ಇರಬೇಕು. ಬುಡದ ಕತ್ತರಿಸಿದ ಭಾಗ ಬೆಳ್ಳಗಿರಬೇಕು. ಹಳದಿ ತಿರುಗಿದ್ದು, ಎಲೆ ಬಿಟ್ಟುಕೊಂಡದ್ದು ಬೇಡ.

ಇನ್ನು ಒಲೆಯ ಕೆಲಸ. ಬುಡವನ್ನು ತೆಳ್ಳಗೆ ಹೆರೆದು, ಉದ್ದಕ್ಕೆ ಎರಡು ಹೋಳು ಮಾಡಿ. ತೊಳೆದ ಮೇಲೆ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ತೇವದ ಪಸೆಯೂ ಉಳಿಯಬಾರದು. ದಪ್ಪ ತಳದ ಕಬ್ಬಿಣದ ಬಾಣಲೆ ಕಾದ ಮೇಲೆ ಧಾರಾಳವಾಗಿ ಎಣ್ಣೆ ಹಾಕಿ, ಹೋಳುಗಳನ್ನು ಕತ್ತರಿಸಿದ ಮುಖ ಕೆಳಗಾಗಿ ಒಂದೊಂದೇ ಜೋಡಿಸಿ. ಒಂದರ ಮೇಲೊಂದು ಬೀಳಬಾರದು. ಬಿದ್ದರೆ ತಮ್ಮದೇ ಹಬೆಯಲ್ಲಿ ಬೆಂದು ಮತ್ತೆ ಅದೇ ವಾಸನೆ ಬರುತ್ತದೆ. ಉಪ್ಪು ಉದುರಿಸಿ, ಐದಾರು ನಿಮಿಷ ಸೌಟು ಹಾಕದೆ ಬಿಡಿ. ತಾಳ್ಮೆ ಬೇಕಾದದ್ದು ಇಲ್ಲೇ. ಒಂದನ್ನು ಮಗುಚಿ ನೋಡಿ: ಒತ್ತೊತ್ತಾಗಿ ಸುತ್ತಿದ ಎಲೆಯ ಪದರಗಳ ಅಂಚು ಕಂದು ಬಣ್ಣಕ್ಕೆ ತಿರುಗಿ, ಅಲ್ಲಲ್ಲಿ ಕಪ್ಪು ಚುಕ್ಕೆ ಬಿದ್ದಿರಬೇಕು. ಆಗ ಕೈಯಾಡಿಸಿ, ಇನ್ನೆರಡು ಮೂರು ನಿಮಿಷದಲ್ಲಿ ಇಳಿಸಿ. ಹೊರಗೆ ಗರಿಗರಿ, ಒಳಗೆ ಬೆಣ್ಣೆಯಷ್ಟು ಮೃದು. ಓವನ್ ಇದ್ದವರು ಖಾಲಿ ಟ್ರೇಯನ್ನೂ ಒಳಗಿಟ್ಟು 220 ಡಿಗ್ರಿಗೆ ಕಾಯಿಸಿ, ಎಣ್ಣೆ ಸವರಿದ ಹೋಳುಗಳನ್ನು ಅದರ ಮೇಲೆ ಜೋಡಿಸಿದರೆ 20 ನಿಮಿಷಕ್ಕೆ ಆಗುತ್ತದೆ.

ಕಹಿ ಪೂರ್ತಿ ಹೋಗಬೇಕೆಂದು ನಾನು ಬಯಸುವುದಿಲ್ಲ. ಅದಕ್ಕೆ ಜೊತೆ ಬೇಕು, ಅಷ್ಟೆ. ಇಂಗ್ಲಿಷರು ಬೇಕನ್ ಮತ್ತು ಚೆಸ್ಟ್‌ನಟ್ ಸೇರಿಸುತ್ತಾರೆ: ಒಂದರಿಂದ ಉಪ್ಪು ಮತ್ತು ಕೊಬ್ಬು, ಇನ್ನೊಂದರಿಂದ ಸಿಹಿ. ನ್ಯೂಯಾರ್ಕಿನ ಮೊಮೊಫುಕು ಹೋಟೆಲುಗಳ ಡೇವಿಡ್ ಚಾಂಗ್ ಮೀನಿನ ಸಾಸ್, ನಿಂಬೆರಸ, ಸಕ್ಕರೆ, ಹಸಿಮೆಣಸು, ಬೆಳ್ಳುಳ್ಳಿ ಕಲಸಿ ಸುರಿದು, ಪುದೀನ, ಕೊತ್ತಂಬರಿ ಮತ್ತು ಖಾರ ಹಚ್ಚಿದ ಅಕ್ಕಿಯ ಅರಳು ಉದುರಿಸಿದರು. ಅಮೆರಿಕದ ಹೋಟೆಲುಗಳಲ್ಲಿ ಈ ತರಕಾರಿಗೆ ಮತ್ತೆ ಮರ್ಯಾದೆ ಬಂದದ್ದರಲ್ಲಿ ಆ ತಿನಿಸಿನ ಪಾಲು ದೊಡ್ಡದು. ಹುಳಿ, ಸಿಹಿ, ಖಾರ, ಉಪ್ಪು ನಾಲ್ಕೂ ಕೂಡಿ ಕಹಿಯನ್ನು ಎತ್ತಿ ಹಿಡಿಯುವ ಈ ಲೆಕ್ಕ ಹಾಗಲಕಾಯಿ ಗೊಜ್ಜು ತಿಂದು ಬೆಳೆದವರಿಗೆ ಹೇಳಿಕೊಡಬೇಕಾದದ್ದಲ್ಲ. ಹುರಿದ ಮರಿಕೋಸಿಗೆ ಹುಣಸೆರಸ, ಬೆಲ್ಲ, ರಸಂಪುಡಿ ಗಟ್ಟಿಯಾಗಿ ಕುದಿಸಿ ಕೊನೆಯಲ್ಲಿ ಹೊರಳಿಸಿದರೆ ಬಿಸಿ ಅನ್ನಕ್ಕೆ ಸೊಗಸಾಗಿ ಹೊಂದುತ್ತದೆ.

ಪರದೇಶದಲ್ಲಿರುವ ನಮ್ಮವರು ಇದನ್ನು ಎಲೆಕೋಸಿನಂತೆ ಸಣ್ಣಗೆ ಹೆಚ್ಚಿ, ನೀರು ಚಿಮುಕಿಸಿ, ಮುಚ್ಚಿಟ್ಟು ಪಲ್ಯ ಮಾಡುವುದುಂಟು. ಅದು ಬೇಡ. ಮೇಲೆ ಹೇಳಿದಂತೆ ಹುರಿದಿಟ್ಟುಕೊಂಡು, ಬೇರೆ ಬಾಣಲೆಯಲ್ಲಿ ಸಾಸಿವೆ, ಉದ್ದಿನಬೇಳೆ, ಇಂಗು, ಒಣಮೆಣಸಿನಕಾಯಿ, ಕರಿಬೇವಿನ ಒಗ್ಗರಣೆ ಮಾಡಿ ಹೋಳುಗಳನ್ನು ಹಾಕಿ. ಕಾಯಿತುರಿ ಹಾಕಿ ಒಂದು ಸುತ್ತು ತಿರುಗಿಸಿದರೆ ಸಾಕು. ನಿಂಬೆಹುಳಿ ಒಲೆ ಆರಿಸಿದ ಮೇಲೆ. ಮೊದಲೇ ಹಿಂಡಿದರೆ ಹಸಿರು ಮಾಸುತ್ತದೆ.

ಬುಡ ಹೆರೆಯುವಾಗ ಉದುರುವ ಹೊರಎಲೆಗಳನ್ನು ಬಿಸಾಡಬೇಡಿ. ಎಣ್ಣೆ, ಉಪ್ಪು ಸವರಿ ಅದೇ ಬಿಸಿ ಬಾಣಲೆಗೆ ಹಾಕಿದರೆ ಎರಡೇ ನಿಮಿಷಕ್ಕೆ ಹಪ್ಪಳವಾಗುತ್ತವೆ. ಮೊಸರನ್ನದ ಜೊತೆ ನೆಂಚಿಕೊಳ್ಳಿ.